ಜಾಲಸಂಪರ್ಕವೂ ಯಂತ್ರದ ಮೊದಲ ಏರ್ಪಾಡುಗಳೂ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಉಚಿತ ವಾಚನಾಲಯದಲ್ಲಿ ಸಂಜೆಯ ವೇಳೆ ಮೇಜಿನ ಬಳಿ ಕುಳಿತುಕೊಳ್ಳುವ ಸ್ವಯಂಸೇವಕರು ನಾವು. ಕಾದಂಬರಿ ಯಾರ ಬಳಿ ಇದೆ, ವಾರಪತ್ರಿಕೆ ಬಂತೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಆದರೆ “ನೆಟ್ ಬರ್ತಾ ಇಲ್ಲ, ಸ್ವಲ್ಪ ನೋಡ್ರಿ” ಎಂದು ಬರುವವರು ಅವರಿಗಿಂತ ಹೆಚ್ಚಾಗಿದ್ದಾರೆ. ಈ ಮಾತು ಕೇಳುವುದಕ್ಕೆ ಸಣ್ಣದು. ಅದರ ಹಿಂದೆ ಇರುವ ಕಷ್ಟ ಸಣ್ಣದಲ್ಲ. ಒಬ್ಬರಿಗೆ ಮಗಳ ಪರೀಕ್ಷೆಯ ಅರ್ಜಿ ತುಂಬಲು ಅಂದೇ ಕಡೆಯ ದಿನವಾಗಿರುತ್ತದೆ. ಗಿರಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ಪಿಂಚಣಿಗಾಗಿ ಜೀವಿತ ಪ್ರಮಾಣಪತ್ರವನ್ನು ಕಳುಹಿಸಬೇಕಾಗಿರುತ್ತದೆ. ಮತ್ತೊಬ್ಬರು ಊರಿನಲ್ಲಿ ಆಸ್ಪತ್ರೆಯ ಮುಂದೆ ನಿಂತಿರುವ ತಮ್ಮನಿಗೆ ಆ ಗಳಿಗೆಯಲ್ಲೇ ಹಣ ಮುಟ್ಟಿಸಬೇಕಾಗಿರುತ್ತದೆ. ಹಿಂದೆ ಇಂತಹ ಕೆಲಸಗಳಿಗೆ ಅಂಚೆಯೂ ಮನಿಯಾರ್ಡರೂ ಇದ್ದವು. ತಡವಾದರೂ ದಾರಿ ನಮಗೆ ತಿಳಿದಿತ್ತು. ಈಗ ದಾರಿ ವೇಗವಾಗಿದೆ. ಆದರೆ ಅದು ಕಡಿದುಹೋದರೆ ಎಲ್ಲಿ ಕಡಿಯಿತೆಂಬುದು ತಿಳಿಯದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆಗ ಬೀದಿಯ ಅಂಗಡಿಯವನು ಕೇಳಿದಷ್ಟು ಕೊಟ್ಟು, ಅವನು ಹೇಳಿದ್ದನ್ನು ನಂಬಿ ಬರುತ್ತೇವೆ.

ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯಕಾರಿ ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಇಂಜಿನಿಯರುಗಳಲ್ಲ. ಮೆಟ್ರಿಕ್‌ವರೆಗೆ ಓದಿ, ಗಿರಣಿಯ ಲೆಕ್ಕಪತ್ರದಲ್ಲಿ ದಿನ ಕಳೆಯುವವರು. ಪುಸ್ತಕ ನೋಡಿ, ಯಂತ್ರ ಬಿಚ್ಚಿ ಕೂಡಿಸಿ, ಬಂದವರ ತೊಂದರೆಗಳನ್ನು ಕಂಡು ತಿಳಿದುಕೊಂಡುದನ್ನು ಸರಳವಾಗಿ ಹೇಳಲು ಪ್ರಯತ್ನಿಸುತ್ತೇವೆ.

ಮೊದಲು ‘ಡೀಫಾಲ್ಟ್’ ಎಂಬ ಮಾತಿನ ಅರ್ಥವನ್ನು ನೋಡೋಣ. ಕಂಪ್ಯೂಟರನ್ನಾಗಲಿ ಫೋನನ್ನಾಗಲಿ ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಂಬುವೆಲ್ಲ ಇವೇ. ನಾವು ಏನನ್ನೂ ಹೇಳದಿದ್ದಾಗ ಯಂತ್ರವು ಯಾವ ರೀತಿ ನಡೆದುಕೊಳ್ಳಬೇಕೆಂಬುದನ್ನು ತಯಾರಕರು ಮೊದಲೇ ಗೊತ್ತುಮಾಡಿ ಇಟ್ಟಿರುತ್ತಾರೆ. ಖಾನಾವಳಿಯಲ್ಲಿ ಏನನ್ನೂ ಕೇಳದೆ ಪಂಕ್ತಿಯಲ್ಲಿ ಕುಳಿತರೆ ಎಲೆಗೆ ಬರುವ ಮಾಮೂಲು ಊಟವಿದ್ದಂತೆ ಇದು. ನಾವು ಇದನ್ನು ‘ಮೊದಲ ಏರ್ಪಾಡು’ ಎಂದು ಕರೆಯೋಣ.

ಈ ಮೊದಲ ಏರ್ಪಾಡುಗಳನ್ನು ಯಾರೋ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ. ಸಂಪರ್ಕ ಎಲ್ಲೆಲ್ಲಿ ಕಡಿಯಿತು, ಏಕೆ ಕಡಿಯಿತು ಎಂಬುದನ್ನು ಅನೇಕ ವರ್ಷ ಕಂಡು, ನೊಂದು, ತಿದ್ದಿಕೊಂಡು ಇಟ್ಟಂತಹವು. ಅವುಗಳ ಗುಣವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಹೀಗೆ: ಅವು ಕೇಳಿ ತಿಳಿಯುತ್ತವೆ, ಉತ್ತರಕ್ಕಾಗಿ ಕಾಯುತ್ತವೆ, ಉತ್ತರ ಬಾರದಿದ್ದರೆ ಇನ್ನೊಂದು ದಾರಿಯನ್ನು ಹಿಡಿಯುತ್ತವೆ. ನಾವು ಕೈಯಿಂದ ಬದಲಾಯಿಸಿದಾಗ ಅನೇಕ ವೇಳೆ ಈ ಇನ್ನೊಂದು ದಾರಿಯನ್ನೇ ಮುಚ್ಚಿಬಿಡುತ್ತೇವೆ. ಇಂದಿನ ಮಾತಿನ ತಿರುಳು ಇಷ್ಟೇ. ಇನ್ನು ಮುಂದೆ ಹೇಳುವುದೆಲ್ಲ ಇದರ ವಿವರಣೆ.

ಮೊದಲನೆಯದು ವಿಳಾಸ. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಇದಕ್ಕೆ ಐ.ಪಿ. ವಿಳಾಸ ಎನ್ನುತ್ತಾರೆ. ಒಂದು ಕಾಲದಲ್ಲಿ ಈ ಸಂಖ್ಯೆಯನ್ನು ಒಂದೊಂದು ಯಂತ್ರಕ್ಕೂ ಕೈಯಿಂದಲೇ ತುಂಬಬೇಕಾಗಿತ್ತು. ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಬಿದ್ದರೆ, ಚಾಳಿನಲ್ಲಿ ಎರಡು ಖೋಲಿಗಳಿಗೆ ಒಂದೇ ನಂಬರು ಬರೆದಂತಾಗಿ, ಕಾಗದ ಯಾರಿಗೆ ಸೇರಬೇಕೆಂಬುದೇ ಗೊಂದಲವಾಗುತ್ತಿತ್ತು. ಈ ತೊಂದರೆಯನ್ನು ಕಳೆಯಲು ಡಿ.ಎಚ್.ಸಿ.ಪಿ. ಎಂಬ ಕ್ರಮವು 1993ರಲ್ಲಿ ಏರ್ಪಟ್ಟು, 1997ರಲ್ಲಿ ಇನ್ನಷ್ಟು ತಿದ್ದುಪಡಿ ಹೊಂದಿತು. ಸೆಟ್ಟಿಂಗಿನಲ್ಲಿ ‘ಆಟೋಮ್ಯಾಟಿಕ್’ ಎಂದು ಕಾಣುವುದು ಇದೇ.

ಇದು ನಡೆಯುವ ಬಗೆ ಸೊಗಸಾಗಿದೆ. ಹೊಸದಾಗಿ ಬಂದ ಯಂತ್ರವು “ನನಗೆ ಸಂಖ್ಯೆ ಕೊಡುವವರು ಇಲ್ಲಿ ಯಾರಿದ್ದೀರಿ?” ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ರೌಟರ್ ಎಂಬ ಪೆಟ್ಟಿಗೆಯು “ಇಗೋ, ಈ ಸಂಖ್ಯೆ ಖಾಲಿ ಇದೆ” ಎನ್ನುತ್ತದೆ. ಯಂತ್ರವು “ಹಾಗಾದರೆ ಅದನ್ನೇ ಕೊಡಿ” ಎನ್ನುತ್ತದೆ. ರೌಟರ್ “ಕೊಟ್ಟಿದೆ, ಇಷ್ಟು ಹೊತ್ತು ಇಟ್ಟುಕೊ” ಎಂದು ಮುಗಿಸುತ್ತದೆ. ನಾಲ್ಕು ಮಾತಿನಲ್ಲಿ ಕೆಲಸ ಆಯಿತು. ಸಂಖ್ಯೆ ಸಿಕ್ಕುವುದು ಬಾಡಿಗೆಗೆ, ಗೊತ್ತಾದ ಅವಧಿಗೆ ಮಾತ್ರ. ಆ ಅವಧಿಯ ಅರ್ಧ ಕಳೆದೊಡನೆಯೇ ಯಂತ್ರವು ಮುಂದುವರಿಸಿಕೊಡಿರೆಂದು ಕೇಳಲು ಪ್ರಾರಂಭಿಸುತ್ತದೆ. ಕಡೆಯ ದಿನದವರೆಗೆ ಕಾಯುವುದಿಲ್ಲ. ಆಗ ಉತ್ತರ ಬಾರದಿದ್ದರೆ, ಅವಧಿಯ ಎಂಟು ಪಾಲಿನಲ್ಲಿ ಏಳು ಪಾಲು ಕಳೆದ ಮೇಲೆ, ಯಾರು ಕೊಟ್ಟರೂ ಸರಿಯೆಂದು ಎಲ್ಲರನ್ನೂ ಕೇಳುತ್ತದೆ. ಬಾಡಿಗೆಯ ಮನೆಯಲ್ಲಿರುವ ನಮ್ಮಂತಹವರು ಈ ಗುಣವನ್ನು ಕಲಿತರೆ ತಪ್ಪೇನೂ ಇಲ್ಲ.

ಯಾರೂ ಉತ್ತರ ಕೊಡದೆ ಹೋದರೆ? ಆಗಲೂ ಒಂದು ಏರ್ಪಾಡಿದೆ. ವಿಂಡೋಸ್ 98ರ ಕಾಲದಿಂದ ಬಂದು, 2005ರಲ್ಲಿ ಎಲ್ಲ ಯಂತ್ರಗಳಿಗೂ ಅನ್ವಯಿಸುವ ನಿಯಮವಾಗಿ ಬರೆಯಲ್ಪಟ್ಟ ಕ್ರಮ ಇದು. ಯಂತ್ರವು ತಾನಾಗಿಯೇ 169.254 ಎಂದು ಮೊದಲಾಗುವ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಈ ಸಂಖ್ಯೆಯಿಂದ ಅದೇ ಕೋಣೆಯ ಯಂತ್ರಗಳು ಪರಸ್ಪರ ಮಾತನಾಡಬಹುದು. ಹೊರಗಿನ ಪ್ರಪಂಚಕ್ಕೆ ಹೋಗಲಾಗದು. ತಾವು ಈ ಮೂರು ಮೂರು ಅಂಕಿಗಳನ್ನು ನೆನಪಿಟ್ಟುಕೊಳ್ಳಿ: 169, 254. ತಮ್ಮ ಕಂಪ್ಯೂಟರಿನ ವಿಳಾಸದಲ್ಲಿ ಇವು ಕಂಡರೆ ಬ್ಯಾಂಕನ್ನಾಗಲಿ, ಅರ್ಜಿ ಕರೆದ ಇಲಾಖೆಯನ್ನಾಗಲಿ ಬೈದು ಪ್ರಯೋಜನವಿಲ್ಲ. ತಮ್ಮ ಯಂತ್ರಕ್ಕೂ ಹತ್ತಿರದ ರೌಟರಿಗೂ ನಡುವೆಯೇ ಮಾತು ನಿಂತಿದೆ. ತಂತಿ ಸಡಿಲವಾಗಿದೆಯೇ, ರೌಟರಿಗೆ ವಿದ್ಯುತ್ ಇದೆಯೇ, ಅದರ ದೀಪಗಳು ಉರಿಯುತ್ತಿವೆಯೇ ಎಂಬುದನ್ನು ಮೊದಲು ನೋಡತಕ್ಕದ್ದು.

ನಮ್ಮ ಓದುಗರೊಬ್ಬರು ಒಂದು ಲ್ಯಾಪ್‌ಟಾಪ್ ತಂದಿದ್ದರು. ಅವರು ಕೆಲಸ ಮಾಡುವ ಕಚೇರಿಯಲ್ಲಿ ಅದಕ್ಕೆ ಸಂಪರ್ಕ ಸಿಕ್ಕುತ್ತಿತ್ತು. ಮನೆಯಲ್ಲಿಯೂ ಇಲ್ಲ, ವಾಚನಾಲಯದಲ್ಲಿಯೂ ಇಲ್ಲ. ಅಂಗಡಿಯೊಂದರಲ್ಲಿ “ಒಳಗಿನ ಕಾರ್ಡು ಸುಟ್ಟುಹೋಗಿದೆ, ಹೊಸದು ಹಾಕಬೇಕು” ಎಂದಿದ್ದರಂತೆ. ಕಾರ್ಡು ಸುಟ್ಟಿದ್ದರೆ ಕಚೇರಿಯಲ್ಲಿ ಹೇಗೆ ನಡೆಯುತ್ತಿತ್ತೆಂದು ಯಾರೂ ಕೇಳಿಕೊಂಡಿರಲಿಲ್ಲ. ನೋಡಿದಾಗ, ಕಚೇರಿಯಲ್ಲಿ ಯಾರೋ ಆ ಜಾಲಕ್ಕೆ ಹೊಂದುವ ಸಂಖ್ಯೆಯೊಂದನ್ನು ಕೈಯಿಂದ ತುಂಬಿದ್ದರು. ಅದು 10 ಎಂದು ಮೊದಲಾಗುತ್ತಿತ್ತು. ನಮ್ಮ ರೌಟರ್ ಕೊಡುವ ಸಂಖ್ಯೆಗಳು 192.168 ಎಂದು ಮೊದಲಾಗುತ್ತವೆ. ಬೇರೆ ಪೇಟೆಯ ವಿಳಾಸವನ್ನು ಹೊತ್ತುಕೊಂಡು ಈ ಪೇಟೆಯಲ್ಲಿ ಅಂಚೆಗಾಗಿ ಕಾದಂತೆ ಆಗಿತ್ತು ಅದರ ಸ್ಥಿತಿ. ‘ಆಟೋಮ್ಯಾಟಿಕ್’ಗೆ ತಿರುಗಿಸಿದೊಡನೆ ಸಂಪರ್ಕ ಬಂತು. ಕಾಸೂ ಖರ್ಚಾಗಲಿಲ್ಲ. ‘ಪ್ರಾಕ್ಸಿ’ ಎಂಬ ಇನ್ನೊಂದು ಸೆಟ್ಟಿಂಗಿನಿಂದಲೂ ಇಂತಹುದೇ ತೊಂದರೆ ಬರುತ್ತದೆ. ಕಚೇರಿಯ ಮಧ್ಯವರ್ತಿ ಯಂತ್ರದ ಹೆಸರನ್ನು ಅಲ್ಲಿ ತುಂಬಿಟ್ಟಿದ್ದರೆ, ಮನೆಯಲ್ಲಿಯೂ ಕಂಪ್ಯೂಟರು ಆ ಮಧ್ಯವರ್ತಿಯನ್ನೇ ಹುಡುಕುತ್ತ ಕುಳಿತುಕೊಳ್ಳುತ್ತದೆ.

ಎರಡನೆಯದು ಹೆಸರು. ನಾವು ಬ್ಯಾಂಕಿನ ಹೆಸರನ್ನು ಬರೆಯುತ್ತೇವೆ. ಯಂತ್ರಕ್ಕೆ ಬೇಕಾದುದು ಸಂಖ್ಯೆ. ಹೆಸರಿಗೆ ಸಂಖ್ಯೆಯನ್ನು ಹುಡುಕಿಕೊಡುವ ಕೆಲಸಕ್ಕೆ ಡಿ.ಎನ್.ಎಸ್. ಎಂದು ಹೆಸರು. ಅಮೆರಿಕದಲ್ಲಿ ಈ ಜಾಲ ಇನ್ನೂ ಚಿಕ್ಕದಾಗಿದ್ದ ಕಾಲದಲ್ಲಿ, ಕ್ಯಾಲಿಫೋರ್ನಿಯದ ಸ್ಟಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲ್ಲ ಯಂತ್ರಗಳ ಹೆಸರಿನ ಒಂದೇ ಪಟ್ಟಿಯನ್ನು ಇಟ್ಟಿದ್ದರು. ಉಳಿದವರೆಲ್ಲ ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಪಟ್ಟಿ ಉದ್ದವಾಯಿತು. ಒಬ್ಬರ ನಕಲು ಹೊಸದು, ಇನ್ನೊಬ್ಬರದು ಹಳೆಯದು ಎಂದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು, ಒಂದೇ ಪಟ್ಟಿಯ ಬದಲು ಒಬ್ಬರನ್ನೊಬ್ಬರು ಕೇಳಿ ಹುಡುಕುವ ಈಗಿನ ಕ್ರಮವನ್ನು ರಚಿಸಿದರು. ಹೆಸರನ್ನು ಯಾರಲ್ಲಿ ಕೇಳಬೇಕೆಂಬುದನ್ನೂ ರೌಟರೇ ನಮ್ಮ ಯಂತ್ರಕ್ಕೆ ತಿಳಿಸುವುದು ಮೊದಲ ಏರ್ಪಾಡು.

ಇದನ್ನು ಬದಲಾಯಿಸಿಕೊಳ್ಳಿರೆಂದು ಹೇಳುವವರು ಬಹಳ ಮಂದಿ ಇದ್ದಾರೆ. 2009ರಲ್ಲಿ ಗೂಗಲ್‌ನವರು 8.8.8.8 ಎಂಬ ಸಂಖ್ಯೆಯಲ್ಲಿಯೂ, 2018ರಲ್ಲಿ ಕ್ಲೌಡ್‌ಫ್ಲೇರ್‌ನವರು 1.1.1.1 ಎಂಬ ಸಂಖ್ಯೆಯಲ್ಲಿಯೂ ಎಲ್ಲರಿಗೂ ಉಚಿತವಾಗಿ ಈ ಸೇವೆಯನ್ನು ತೆರೆದರು. ಇವು ಒಳ್ಳೆಯ ಸೇವೆಗಳೇ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ 2018ರ 9ನೆಯ ಆವೃತ್ತಿಯಿಂದ ‘ಪ್ರೈವೇಟ್ ಡಿ.ಎನ್.ಎಸ್.’ ಎಂಬ ಸೆಟ್ಟಿಂಗು ಬಂದಿದೆ. ಅದರ ಮೊದಲ ಏರ್ಪಾಡು ‘ಆಟೋಮ್ಯಾಟಿಕ್’. ಹೆಸರು ಕೇಳುವ ಮಾತನ್ನು ಗುಟ್ಟಾಗಿ ಕಳುಹಿಸಲು ಸಾಧ್ಯವಿದ್ದರೆ ಹಾಗೆ ಕಳುಹಿಸುತ್ತದೆ; ಆ ಜಾಲದಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ ಹಳೆಯ ರೀತಿಯಲ್ಲಿಯೇ ಕೇಳಿ ಕೆಲಸ ನಡೆಸುತ್ತದೆ. ಜಾಹೀರಾತು ತಪ್ಪಿಸಲೆಂದು ಯಾವುದೋ ವಿಡಿಯೋ ನೋಡಿ ಅಲ್ಲಿ ಒಂದು ಹೆಸರನ್ನು ತುಂಬಿದರೋ, ಈ ಎರಡನೆಯ ದಾರಿ ಮುಚ್ಚಿತು. ಆ ಒಂದು ಹೆಸರಿನವರು ಸಿಕ್ಕದಿದ್ದರೆ ಫೋನು ಬೇರೆ ಯಾರನ್ನೂ ಕೇಳುವುದಿಲ್ಲ. ಮನೆಯಲ್ಲಿ ಎಲ್ಲವೂ ಸರಿ. ಕಚೇರಿಯ ಜಾಲಕ್ಕೆ ಬಂದೊಡನೆ ಒಂದೂ ಪುಟ ತೆರೆಯುವುದಿಲ್ಲ. ಜಾಹೀರಾತು ತಪ್ಪಿಸುವುದು ಬೇಡವೆಂದು ನಾವು ಹೇಳುವುದಿಲ್ಲ. ಹಾಗೆ ಮಾಡಿದಾಗ ಹಿತ್ತಲ ಬಾಗಿಲನ್ನು ಮುಚ್ಚಿದ್ದೇವೆಂಬ ನೆನಪು ಇರಲಿ ಎನ್ನುತ್ತೇವೆ.

ಮೂರನೆಯದು ಕಾಯುವಿಕೆ. ಇದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1986ನೆಯ ಇಸವಿ ಅಕ್ಟೋಬರ್ ತಿಂಗಳು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಒಂದು ದೊಡ್ಡ ಪ್ರಯೋಗಾಲಯವೂ ಒಂದು ವಿಶ್ವವಿದ್ಯಾನಿಲಯವೂ ಇವೆ. ಎರಡಕ್ಕೂ ನಡುವೆ ಇದ್ದ ಅಂತರ ಸುಮಾರು 400 ಗಜ. ಅವುಗಳ ನಡುವಿನ ಜಾಲದಲ್ಲಿ ಸೆಕೆಂಡಿಗೆ 32,000 ಬಿಟ್‌ಗಳಷ್ಟು ಮಾಹಿತಿ ಹರಿಯುತ್ತಿತ್ತು. ಒಂದು ಅಕ್ಷರಕ್ಕೆ 8 ಬಿಟ್ ಎಂದು ಹಿಡಿದರೆ, ಸೆಕೆಂಡಿಗೆ 4,000 ಅಕ್ಷರಗಳಾದವು. ಅದು ಇದ್ದಕ್ಕಿದ್ದಂತೆ ಸೆಕೆಂಡಿಗೆ 40 ಬಿಟ್‌ಗಳಿಗೆ, ಎಂದರೆ ಐದು ಅಕ್ಷರಗಳಿಗೆ ಇಳಿದುಹೋಯಿತು. ಚೀಟಿ ಬರೆದು ಒಬ್ಬ ಹುಡುಗನ ಕೈಯಲ್ಲಿ ಕೊಟ್ಟು ಓಡಿಸಿದ್ದರೆ ಬೇಗ ತಲುಪುತ್ತಿತ್ತು! ತಂತಿ ಕಡಿದಿರಲಿಲ್ಲ, ಯಂತ್ರಗಳು ಕೆಟ್ಟಿರಲಿಲ್ಲ.

ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಎಂಬವರು ವಿಶ್ವವಿದ್ಯಾನಿಲಯದ ಮೈಕೆಲ್ ಕರೆಲ್ಸ್ ಅವರೊಡನೆ ಸೇರಿ ಇದರ ಕಾರಣವನ್ನು ಹುಡುಕಿದರು. ದಾರಿಯಲ್ಲಿ ದಟ್ಟಣೆಯಾಗಿ ಉತ್ತರ ಬರುವುದು ಸ್ವಲ್ಪ ತಡವಾದೊಡನೆ, ಕಳುಹಿಸಿದ ಯಂತ್ರವು ಕಾಗದ ಕಳೆದುಹೋಯಿತೆಂದು ತಿಳಿದು ಅದನ್ನೇ ಮತ್ತೆ ಕಳುಹಿಸುತ್ತಿತ್ತು. ಎಲ್ಲ ಯಂತ್ರಗಳೂ ಹಾಗೆಯೇ ಮಾಡಿದ್ದರಿಂದ ದಾರಿಯೆಲ್ಲ ನಕಲುಗಳಿಂದ ತುಂಬಿತು. ತಡ ಇನ್ನೂ ಹೆಚ್ಚಿತು. ತಡ ಹೆಚ್ಚಿದಷ್ಟೂ ನಕಲುಗಳು ಹೆಚ್ಚಿದವು. ಪಾಳಿ ಬಿಟ್ಟಾಗ ಗಿರಣಿಯ ಸಣ್ಣ ಗೇಟಿನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾರೂ ಹೊರಬೀಳುವುದಿಲ್ಲವಷ್ಟೆ, ಅದೇ ರೀತಿ. 1988ರಲ್ಲಿ ಇವರು ತಮ್ಮ ಪರಿಹಾರವನ್ನು ಪ್ರಕಟಿಸಿದರು. ಅದರ ಸಾರ ಎರಡು ಮಾತು. ಒಂದು, ಮೊದಲು ಸ್ವಲ್ಪವೇ ಕಳುಹಿಸಿ, ಮುಟ್ಟಿತೆಂಬ ಉತ್ತರ ಬಂದಂತೆ ಹೆಚ್ಚಿಸುತ್ತ ಹೋಗು. ಎರಡು, ಉತ್ತರ ಬಾರದಿದ್ದರೆ ಕಾಯುವ ಹೊತ್ತನ್ನು ಪ್ರತಿ ಸಲವೂ ಇಮ್ಮಡಿ ಮಾಡು. ಇಂದು ತಮ್ಮ ಜೇಬಿನಲ್ಲಿರುವ ಫೋನೂ ಈ ಸಂಯಮವನ್ನು ಪಾಲಿಸುತ್ತದೆ.

ಲಿನಕ್ಸ್‌ನಲ್ಲಿ 2023ರವರೆಗೆ ಇದ್ದ ಮೊದಲ ಏರ್ಪಾಡನ್ನು ಉದಾಹರಣೆಗೆ ನೋಡಿ. ಬಾಗಿಲು ತಟ್ಟಿದ ಮೇಲೆ ಮೊದಲು 1 ಸೆಕೆಂಡು ಕಾಯುತ್ತಿತ್ತು. ಅದಕ್ಕೂ ಹಿಂದೆ ಈ ಹೊತ್ತು 3 ಸೆಕೆಂಡು ಇತ್ತು. ಜಾಲಗಳು ಚುರುಕಾದುವೆಂದು 2011ರ ನಿಯಮದಲ್ಲಿ 1ಕ್ಕೆ ಇಳಿಸಿದರು. ಆಮೇಲೆ 2, 4, 8, 16, 32, ಕಡೆಗೆ 64 ಸೆಕೆಂಡು. ಒಟ್ಟು 127 ಸೆಕೆಂಡು ಕಾದು, ಆರು ಸಲ ಮತ್ತೆ ತಟ್ಟಿ, ಅನಂತರವೇ “ಆಗಲಿಲ್ಲ” ಎನ್ನುತ್ತಿತ್ತು. ಯಂತ್ರವು ತಾಳ್ಮೆಯಿಂದ ಪ್ರಯತ್ನಿಸುತ್ತಿರುವಾಗ, ನಾವು ಹತ್ತು ಸೆಕೆಂಡಿನಲ್ಲಿ ಬೇಸತ್ತು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತೇವೆ. ಹಣ ಕಳುಹಿಸುವ ಪುಟದಲ್ಲಿ ಹೀಗೆ ಮಾಡುವುದು ಅಪಾಯ. ಮೊದಲನೆಯ ಸಂದೇಶವು ಬ್ಯಾಂಕಿಗೆ ಮುಟ್ಟಿ, ಅದರ ಉತ್ತರ ಮಾತ್ರ ದಾರಿಯಲ್ಲಿ ತಡವಾಗಿರಬಹುದು. ಎರಡನೆಯ ಸಲ ಕಳುಹಿಸಿದರೆ ಎರಡನೆಯ ಸಲವೂ ಹಣ ಹೋಗಬಹುದು. ಆದುದರಿಂದ ಹಣದ ವಿಷಯದಲ್ಲಿ ತಡವಾದರೆ, ಮೊದಲು ಖಾತೆಯ ವಿವರವನ್ನು ತೆರೆದು ಹೋಗಿದೆಯೋ ಇಲ್ಲವೋ ನೋಡತಕ್ಕದ್ದು. ಆಮೇಲೆ ಮಾತ್ರ ಮತ್ತೊಂದು ಪ್ರಯತ್ನ. ತಿಂಗಳ ಸಂಬಳದಲ್ಲಿ ಬದುಕುವವರು ಈ ಒಂದು ಮಾತನ್ನಾದರೂ ಇಲ್ಲಿಂದ ಒಯ್ಯಬೇಕೆಂದು ಪ್ರಾರ್ಥನೆ.

ನಾಲ್ಕನೆಯದು ಎರಡು ದಾರಿಗಳ ಮಾತು. ಹಳೆಯ ಕ್ರಮದ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಯಂತ್ರಗಳಿಗೆ ಇವು ಸಾಲದೆ, 2011ರ ಫೆಬ್ರವರಿಯಲ್ಲಿ ಕೇಂದ್ರ ಭಂಡಾರದ ಕಡೆಯ ಕಂತುಗಳನ್ನೂ ಹಂಚಿ ಮುಗಿಸಿದರು. ಐ.ಪಿ. 6 ಎಂಬ ಹೊಸ ಕ್ರಮದ ಉದ್ದನೆಯ ವಿಳಾಸಗಳನ್ನು ದೊಡ್ಡ ದೊಡ್ಡ ಸಂಸ್ಥೆಗಳು 2012ರ ಜೂನ್ 6ರಿಂದ ಶಾಶ್ವತವಾಗಿ ಬಳಕೆಗೆ ತಂದವು. ಈಗ ಹಳೆಯ ದಾರಿಯೂ ಹೊಸ ದಾರಿಯೂ ಜೊತೆಯಲ್ಲಿಯೇ ಇವೆ. ಹೊಸ ದಾರಿಯಲ್ಲಿ ಎಲ್ಲಿಯಾದರೂ ತಡೆಯಿದ್ದರೆ ಮೊದಮೊದಲು ಬಹಳ ಹೊತ್ತು ಕಾಯಬೇಕಾಗುತ್ತಿತ್ತು. ಇದಕ್ಕಾಗಿ 2012ರಲ್ಲಿ ಒಂದು ಕ್ರಮವನ್ನು ಬರೆದು 2017ರಲ್ಲಿ ತಿದ್ದಿದರು. ಮೊದಲು ಹೊಸ ದಾರಿಯಲ್ಲಿ ಹೊರಟು, ಕಾಲು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಹಳೆಯ ದಾರಿಯಲ್ಲಿಯೂ ಹೊರಡುವುದು. ಯಾವುದು ಮೊದಲು ಮುಟ್ಟಿತೋ ಅದನ್ನು ಹಿಡಿಯುವುದು. ಬ್ರೌಸರುಗಳು ಹೀಗೆಯೇ ಮಾಡುತ್ತವೆ. ನಮ್ಮ ಕಣ್ಣಿಗೆ ಇದೇನೂ ಕಾಣುವುದಿಲ್ಲ. “ಐ.ಪಿ. 6 ಆರಿಸಿಬಿಡಿ, ನೆಟ್ ಚುರುಕಾಗುತ್ತದೆ” ಎಂಬ ಸಲಹೆ ಇಂದಿಗೂ ಓಡಾಡುತ್ತಿದೆ. ವಿಂಡೋಸ್ ತಯಾರಿಸಿದ ಮೈಕ್ರೋಸಾಫ್ಟ್‌ನವರೇ ಹಾಗೆ ಮಾಡಬಾರದೆಂದು ಹೇಳುತ್ತಾರೆ. ಎರಡು ದಾರಿಗಳಿರುವಾಗ ಒಂದನ್ನು ನಾವಾಗಿಯೇ ಏಕೆ ಮುಚ್ಚಿಕೊಳ್ಳಬೇಕು?

ಐದನೆಯದು ಪರೀಕ್ಷೆ. ಜಾಲಕ್ಕೆ ಸೇರಿದೊಡನೆ ವಿಂಡೋಸ್ ತಾನಾಗಿಯೇ ಮೈಕ್ರೋಸಾಫ್ಟ್‌ನವರ ಒಂದು ಚಿಕ್ಕ ಪುಟವನ್ನು ತರಿಸಿಕೊಂಡು ನೋಡುತ್ತದೆ. ಅದರಲ್ಲಿ ಇರುವುದು ಮೂರೇ ಇಂಗ್ಲಿಷ್ ಪದಗಳು. ಆ ಪದಗಳು ಹಾಗೆಯೇ ಬಂದರೆ ಹೊರಗಿನ ದಾರಿ ತೆರೆದಿದೆ ಎಂದು ಅರ್ಥ. ಬೇರೇನಾದರೂ ಬಂದರೆ, ನಡುವೆ ಯಾರೋ ತಡೆದು ತಮ್ಮ ಪುಟವನ್ನು ಮುಂದಿಡುತ್ತಿದ್ದಾರೆಂದು ತಿಳಿದು, ಆ ಪುಟವನ್ನು ನಮಗೆ ತೋರಿಸುತ್ತದೆ. ಫೋನುಗಳಲ್ಲಿಯೂ ಇದೇ ಬಗೆಯ ಪರೀಕ್ಷೆ ಇದೆ. ರೈಲು ನಿಲ್ದಾಣಗಳಲ್ಲಿ ಇದರ ಅನುಭವ ತಮಗೆ ಆಗಿರಬಹುದು. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಲ್ಲಿ ಮೊದಲಾದ ರೈಲ್‌ಟೆಲ್‌ನ ಉಚಿತ ವೈಫೈ ಆಮೇಲೆ ಸಾವಿರಾರು ನಿಲ್ದಾಣಗಳಿಗೆ ಹರಡಿತು. ಸೇರಿದೊಡನೆ ಮೊಬೈಲ್ ನಂಬರು ಕೇಳುವ ಪುಟ ಬರಬೇಕು. ಗುಟ್ಟಿನ ಅಂಕಿ ತುಂಬಿದ ಮೇಲೆಯೇ ದಾರಿ ತೆರೆಯುತ್ತದೆ. ಆ ಪುಟವೇ ಬಾರದೆ ಹೋದರೆ, ಹಿಂದೆ ಹೇಳಿದ ಪ್ರೈವೇಟ್ ಡಿ.ಎನ್.ಎಸ್.ನಲ್ಲಿ ಯಾವುದಾದರೂ ಹೆಸರು ತುಂಬಿದೆಯೇ, ವಿ.ಪಿ.ಎನ್. ಎಂಬುದನ್ನು ಚಾಲೂ ಇಟ್ಟಿದ್ದೇವೆಯೇ ಎಂದು ನೋಡಬೇಕು.

ಆರನೆಯದು ಗಡಿಯಾರ. ಸಂಪರ್ಕಕ್ಕೂ ಗಡಿಯಾರಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಬ್ಯಾಂಕಿನ ಪುಟವು ತಾನು ನಿಜವಾದ ಬ್ಯಾಂಕಿನದೆಂದು ತೋರಿಸಲು ಒಂದು ಪ್ರಮಾಣಪತ್ರವನ್ನು ಒಡ್ಡುತ್ತದೆ. ಅದರಲ್ಲಿ ಇಂತಹ ದಿನದಿಂದ ಇಂತಹ ದಿನದವರೆಗೆ ಎಂದು ಅವಧಿ ಬರೆದಿರುತ್ತದೆ. ನಮ್ಮ ಕಂಪ್ಯೂಟರಿನ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗಿದ್ದರೆ, ಈ ಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ಅದು ತಿಳಿದು ಪುಟವನ್ನು ತೆರೆಯಲು ಒಪ್ಪುವುದಿಲ್ಲ. ವಾಚನಾಲಯಗಳಿಗೂ ಶಾಲೆಗಳಿಗೂ ದಾನವಾಗಿ ಬರುವ ಹಳೆಯ ಕಂಪ್ಯೂಟರುಗಳಲ್ಲಿ ಇದು ಸಾಮಾನ್ಯ. ಒಳಗೆ ಇರುವ ಗುಂಡಿಯಾಕಾರದ ಚಿಕ್ಕ ಸೆಲ್ಲು ಮುಗಿದಿರುತ್ತದೆ. ವಿದ್ಯುತ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಬೀಳುತ್ತದೆ. ಅಲ್ಪ ಬೆಲೆಯ ಆ ಸೆಲ್ಲನ್ನು ಬದಲಾಯಿಸಿ, ಸಮಯವನ್ನು ‘ಆಟೋಮ್ಯಾಟಿಕ್’ ಇಟ್ಟರೆ ತೊಂದರೆ ತೀರಿತು. ಇಂತಹ ಯಂತ್ರವನ್ನು ವೈರಸ್ ಬಂದಿದೆಯೆಂದು ಮೂಲೆಗೆ ಹಾಕಿದ್ದನ್ನೂ ನಾವು ಕಂಡಿದ್ದೇವೆ.

ಇಷ್ಟು ಹೇಳಿದ ಮೇಲೆ, ಮೊದಲ ಏರ್ಪಾಡೆಲ್ಲವೂ ವೇದವಾಕ್ಯವೆಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅವಶ್ಯವಾಗಿ ಬದಲಾಯಿಸತಕ್ಕವೂ ಇವೆ. ಎಲ್ಲಕ್ಕಿಂತ ಮುಖ್ಯವಾದುದು ರೌಟರಿನ ಒಳಗೆ ಹೋಗಲು ತಯಾರಕರು ಇಟ್ಟುಕೊಟ್ಟ ಗುಪ್ತಪದ. ಒಂದೇ ಪದವನ್ನು ಎಷ್ಟೋ ಪೆಟ್ಟಿಗೆಗಳಿಗೆ ಇಟ್ಟಿರುವುದುಂಟು. ಅದು ಕಳ್ಳರಿಗೆಲ್ಲ ಬಾಯಿಪಾಠ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಇಂತಹ ಗುಪ್ತಪದಗಳ ಪಟ್ಟಿಯನ್ನು ಹಿಡಿದು, ಲಕ್ಷಾಂತರ ರೌಟರುಗಳನ್ನೂ ಕ್ಯಾಮೆರಾಗಳನ್ನೂ ವಶಮಾಡಿಕೊಂಡಿತು. ಅದೇ ವರ್ಷ ಅಕ್ಟೋಬರ್ 21ರಂದು ಇವುಗಳ ಮೂಲಕ ಡೈನ್ ಎಂಬ ಡಿ.ಎನ್.ಎಸ್. ಸಂಸ್ಥೆಯ ಮೇಲೆ ದಾಳಿ ನಡೆದು, ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ಸಿಕ್ಕದೆ ಹೋದವು. ಆದುದರಿಂದ ಪೆಟ್ಟಿಗೆ ಮನೆಗೆ ಬಂದ ದಿನವೇ ಆ ಪದವನ್ನು ಬದಲಾಯಿಸಿರಿ.

ಇನ್ನೊಂದು, ಲ್ಯಾಪ್‌ಟಾಪಿನಲ್ಲಿ ವಿದ್ಯುತ್ ಉಳಿಸಲು ವೈಫೈ ಭಾಗವನ್ನು ಆಗಾಗ ಆರಿಸುವ ಏರ್ಪಾಡು ಹಲವು ಯಂತ್ರಗಳಲ್ಲಿ ಇರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಸಂಪರ್ಕ ಪದೇ ಪದೇ ಕಡಿಯುತ್ತಿದ್ದರೆ ಇದನ್ನು ತೆಗೆದು ನೋಡಬಹುದು. ಮತ್ತೊಂದು, 2019ರ ಆಂಡ್ರಾಯ್ಡ್ 10ರಿಂದಲೂ 2020ರಿಂದ ಐಫೋನುಗಳಲ್ಲಿಯೂ ಫೋನು ತನ್ನ ನಿಜವಾದ ಯಂತ್ರಸಂಖ್ಯೆಯನ್ನು ಮರೆಮಾಡಿ, ಒಂದೊಂದು ಜಾಲಕ್ಕೂ ಬೇರೆ ಬೇರೆ ಸಂಖ್ಯೆಯನ್ನು ಹೇಳುತ್ತದೆ. ನಮ್ಮ ಗುಟ್ಟನ್ನು ಕಾಯುವುದಕ್ಕೆ ಇದು ಒಳ್ಳೆಯದೇ. ಆದರೆ ನಿಜವಾದ ಯಂತ್ರಸಂಖ್ಯೆಗಳ ಪಟ್ಟಿಯನ್ನು ಇಟ್ಟುಕೊಂಡು ಪಟ್ಟಿಯಲ್ಲಿದ್ದವರನ್ನು ಮಾತ್ರ ಒಳಗೆ ಬಿಡುವ ಕಚೇರಿಗಳಲ್ಲಿ ಫೋನಿಗೆ ಪ್ರವೇಶ ಸಿಕ್ಕದೆ ಹೋಗಬಹುದು. ಅಂತಹ ಕಡೆ ಆ ಒಂದು ಜಾಲಕ್ಕೆ ಮಾತ್ರ ಇದನ್ನು ಬದಲಾಯಿಸಿಕೊಂಡರೆ ಸಾಕು.

ಇನ್ನು ಕೆಲಸಕ್ಕೆ ಬರುವ ಕ್ರಮವನ್ನು ಸಂಗ್ರಹಿಸಿ ಹೇಳುತ್ತೇವೆ. ಸಂಪರ್ಕ ಕಡಿದಾಗ ಹತ್ತಿರದಿಂದ ದೂರಕ್ಕೆ ನೋಡುತ್ತ ಹೋಗಬೇಕು.

1. ಪಕ್ಕದವರ ಫೋನಿಗೆ ಅದೇ ವೈಫೈಯಿಂದ ಸಂಪರ್ಕ ಸಿಕ್ಕುತ್ತಿದೆಯೇ ಕೇಳಿರಿ. ಅವರಿಗೂ ಸಿಕ್ಕದಿದ್ದರೆ ದೋಷ ತಮ್ಮ ಯಂತ್ರದ್ದಲ್ಲ. ತಮ್ಮ ಸೆಟ್ಟಿಂಗನ್ನು ಮುಟ್ಟಬೇಡಿರಿ.

2. ತಂತಿ, ವಿದ್ಯುತ್, ರೌಟರಿನ ದೀಪ ನೋಡಿರಿ. ರೌಟರನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿರಿ.

3. ತಾರೀಖೂ ಗಂಟೆಯೂ ಸರಿಯಾಗಿವೆಯೇ ನೋಡಿರಿ.

4. ವಿಳಾಸವು 169.254 ಎಂದು ಇದೆಯೇ, ಅಥವಾ ಯಾರಾದರೂ ಕೈಯಿಂದ ಸಂಖ್ಯೆ ತುಂಬಿದ್ದಾರೆಯೇ ನೋಡಿರಿ. ವಿಳಾಸ, ಡಿ.ಎನ್.ಎಸ್., ಪ್ರಾಕ್ಸಿ ಮೂರನ್ನೂ ‘ಆಟೋಮ್ಯಾಟಿಕ್’ಗೆ ತಂದು ನೋಡಿರಿ. ಕಚೇರಿಯ ಯಂತ್ರವಾದರೆ ಅಲ್ಲಿಯವರನ್ನು ಕೇಳದೆ ಬದಲಾಯಿಸಬಾರದು.

5. ಏನು ಮಾಡಿದರೂ ಆಗದಿದ್ದರೆ ‘ನೆಟ್‌ವರ್ಕ್ ರೀಸೆಟ್’ ಎಂಬುದಿದೆ. ವಿಂಡೋಸ್ 10ರಲ್ಲಿ ಇದು 2016ರಿಂದ ಬಂದಿದೆ, ಫೋನುಗಳಲ್ಲಿಯೂ ಇದೆ. ಜಾಲದ ಏರ್ಪಾಡುಗಳನ್ನೆಲ್ಲ ಅದು ಮೊದಲಿನಂತೆ ಮಾಡುತ್ತದೆ. ಉಳಿಸಿಟ್ಟ ವೈಫೈ ಗುಪ್ತಪದಗಳೂ ಆಗ ಅಳಿಸಿಹೋಗುತ್ತವೆ. ಆದುದರಿಂದ ಮೊದಲೇ ಬರೆದಿಟ್ಟುಕೊಳ್ಳಿರಿ. ಇದು ಕಡೆಯ ಮದ್ದು, ಮೊದಲನೆಯದಲ್ಲ.

ಬರೆದಿಟ್ಟುಕೊಳ್ಳುವ ಮಾತು ಬಂದದ್ದರಿಂದ ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳುತ್ತೇವೆ. ಲೆಕ್ಕದ ಪುಸ್ತಕದಲ್ಲಿ ಅಂಕಿ ತಪ್ಪಿದರೆ ಕಾರಕೂನನು ಅದನ್ನು ಕೆರೆದು ಅಳಿಸುವುದಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ರುಜು ಹಾಕುತ್ತಾನೆ. ನಾಳೆ ಯಾರೇ ಪುಸ್ತಕ ತೆರೆದರೂ ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾರು ಮಾಡಿದರು ಎಂಬುದು ಕಾಣುತ್ತದೆ. ಯಂತ್ರದ ಸೆಟ್ಟಿಂಗಿಗೂ ಇದೇ ನ್ಯಾಯ. ಬದಲಾಯಿಸುವುದು ಪಾಪವಲ್ಲ, ಹಳೆಯದನ್ನು ಬರೆದಿಡದೆ ಬದಲಾಯಿಸುವುದು ಮಾತ್ರ ತಪ್ಪು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಫಲ ಕಾಣದಿದ್ದರೆ ಅದನ್ನು ಮೊದಲಿನಂತೆ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಬೇಕು. ಐದನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಯಾಯಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಇದಕ್ಕಾಗಿ ವಾಚನಾಲಯದ ಕಂಪ್ಯೂಟರಿನ ಪಕ್ಕದಲ್ಲಿ ಇಂದಿನಿಂದ ಒಂದು ನೋಟುಬುಕ್ಕನ್ನು ಇಡುತ್ತಿದ್ದೇವೆ. ಮೊದಲನೆಯ ಪುಟದಲ್ಲಿ ಈಗಿನ ಏರ್ಪಾಡುಗಳನ್ನೆಲ್ಲ ಬರೆದಿದ್ದೇವೆ. ಯಾರೇ ಏನನ್ನೇ ಬದಲಾಯಿಸಿದರೂ ತಾರೀಖು, ಹಳೆಯದು, ಹೊಸದು, ರುಜು ಈ ನಾಲ್ಕನ್ನೂ ತುಂಬಬೇಕು. ತಮ್ಮ ತಮ್ಮ ಮನೆಗಳಲ್ಲಿಯೂ ಹೀಗೆ ಒಂದು ಹಾಳೆಯನ್ನು ರೌಟರಿನ ಬಳಿ ಅಂಟಿಸಿಕೊಳ್ಳಬಹುದು. ಗುಪ್ತಪದವನ್ನು ಮಾತ್ರ ಆ ಹಾಳೆಯಲ್ಲಿ ಬರೆಯದೆ ಬೇರೆ ಕಡೆ ಇಡಿರಿ. ಅರ್ಜಿಗೆ ಕಡೆಯ ದಿನವಿದ್ದವರು ಎರಡು ದಿನ ಮುಂಚೆಯೇ ಬಂದರೆ, ಸಂಪರ್ಕ ಕೆಟ್ಟರೂ ಸರಿಪಡಿಸಲು ನಮಗೆ ಹೊತ್ತು ಸಿಕ್ಕುತ್ತದೆ. ಅವಧಿಯ ಅರ್ಧಕ್ಕೇ ಕೇಳಲು ಹೊರಡುವ ಯಂತ್ರದ ಬುದ್ಧಿಯನ್ನು ಈ ವಿಷಯದಲ್ಲಿ ನಾವೂ ಇಟ್ಟುಕೊಳ್ಳೋಣ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳರಿಂದ ಒಂಬತ್ತರವರೆಗೆ ನಾವು ಮೇಜಿನ ಬಳಿ ಇರುತ್ತೇವೆ. ಸಂಕೋಚವಿಲ್ಲದೆ ಬಂದು ಕೇಳಿರಿ; ಇದಕ್ಕೆ ಯಾವ ಶುಲ್ಕವೂ ಇಲ್ಲ.



— ವಾಚನಾಲಯದ ಸ್ವಯಂಸೇವಕರ ಪರವಾಗಿ, ಒಬ್ಬ ಗಿರಣಿ ಕಾರಕೂನ